ಬೆರಳಿಗೆ ಹಿತ, ಅಕ್ಷರಕ್ಕೆ ಭರವಸೆ ಕಡಿಮೆ: ಒಂದು ಮೆಕ್ಯಾನಿಕಲ್ ಕೀಲಿಮಣೆಯ ದೀರ್ಘಕಾಲದ ಬಳಕೆ

ಈ ಕೀಲಿಮಣೆಯ ತೂಕವೆಷ್ಟು, ಅದರಲ್ಲಿ ಎಷ್ಟು ಬಣ್ಣದ ಬೆಳಕಿದೆ, ಪ್ರತಿ ಕೀಲಿಯ ಕೆಳಗಿರುವ ಸ್ವಿಚ್‌ಗಳು ಯಾವ ಬಗೆಯವು ಎಂಬ ವಿವರಗಳೆಲ್ಲ ಮಾರಾಟದ ಪುಟದಲ್ಲೇ ಸಿಗುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ದಿನವಿಡೀ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡುವುದೇ ಕೆಲಸವಾಗಿರುವ ನನ್ನಂಥವರಿಗೆ ಬೇಕಾಗಿರುವುದು ಇಷ್ಟೇ: ಒತ್ತಿದ ಕೀಲಿಗೆ ತಕ್ಕ ಅಕ್ಷರ ಪರದೆಯ ಮೇಲೆ ಮೂಡಬೇಕು. ಸಾಮಾನ್ಯವಾಗಿ ಮೂಡುತ್ತದೆ. ಮೂಡದಿದ್ದಾಗ ಕಾರಣ ಹುಡುಕಲು ಈ ಕೀಲಿಮಣೆ ಯಾವ ನೆರವನ್ನೂ ಕೊಡುವುದಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ಟೈಪ್ ಮಾಡುವ ಸುಖದ ವಿಷಯದಲ್ಲಿ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಮೃದುವಾದ ಬ್ರಷ್ಷಿನಿಂದ ಸಾಲುಗಳ ನಡುವಿನ ಧೂಳು ತೆಗೆದು, ಎಫ್ ಮತ್ತು ಜೆ ಕೀಲಿಗಳ ಮೇಲಿರುವ ಪುಟ್ಟ ಉಬ್ಬುಗೆರೆಗಳ ಮೇಲೆ ತೋರುಬೆರಳುಗಳನ್ನು ಇರಿಸಿದರೆ, ಆಮೇಲೆ ಕೆಳಗೆ ನೋಡುವ ಅಗತ್ಯವೇ ಬೀಳುವುದಿಲ್ಲ. ಯಾವ ಕೀಲಿಗೆ ಯಾವ ಕನ್ನಡ ಅಕ್ಷರ ಎಂದು ಗೊತ್ತುಮಾಡುವ ಕಗಪ ವಿನ್ಯಾಸದಲ್ಲಿ ಅರ್ಧಾಕ್ಷರಕ್ಕೂ ಒತ್ತಕ್ಷರಕ್ಕೂ ಎಫ್ ಕೀಲಿಯನ್ನೇ ಒತ್ತಬೇಕಾಗಿರುವುದರಿಂದ ಕನ್ನಡ ಬರೆಯುವವರ ಕೈಯಲ್ಲಿ ಆ ಕೀಲಿಗೆ ಬಿಡುವೇ ಇರುವುದಿಲ್ಲ. ಅದರ ಮೇಲಿನ ಅಕ್ಷರ ಮಾಸಿಲ್ಲ, ಕೆಳಗಿನ ಸ್ಪ್ರಿಂಗ್ ಸಡಿಲವಾಗಿಲ್ಲ.

ಮೊದಲ ತೊಂದರೆ ಕಾಣಿಸಿಕೊಂಡದ್ದು ಪಾಸ್‌ವರ್ಡ್ ಕೊಡುವಾಗ. ಸರಿಯಾದುದನ್ನೇ ಕೊಟ್ಟರೂ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. ಚುಕ್ಕೆಗಳಷ್ಟೇ ಕಾಣುವ ಆ ಚೌಕವನ್ನು ಬಿಟ್ಟು, ಬಳಕೆದಾರರ ಹೆಸರಿನ ಚೌಕದಲ್ಲಿ ಟೈಪ್ ಮಾಡಿ ನೋಡಿದಾಗ ಸಂಗತಿ ತಿಳಿಯಿತು. ಶಿಫ್ಟ್ ಜೊತೆ 2 ಒತ್ತಿದರೆ @ ಬರಬೇಕಾದಲ್ಲಿ ಉದ್ಧರಣ ಚಿಹ್ನೆ, 3 ಒತ್ತಿದರೆ # ಬರಬೇಕಾದಲ್ಲಿ ಪೌಂಡ್ ಚಿಹ್ನೆ ಬರುತ್ತಿದ್ದವು. ಈ ಎರಡು ಲಕ್ಷಣಗಳು ಒಟ್ಟಿಗೆ ಕಂಡರೆ ಕಂಪ್ಯೂಟರಿನಲ್ಲಿ ಅಮೆರಿಕನ್ ವಿನ್ಯಾಸದ ಬದಲು ಬ್ರಿಟಿಷ್ ವಿನ್ಯಾಸ ಆಯ್ಕೆಯಾಗಿದೆ ಎಂದೇ ಅರ್ಥ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಬಾರ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಬೇಡವಾದುದನ್ನು ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಅಳಿಸಿಬಿಡುವುದು ಇನ್ನೂ ಒಳ್ಳೆಯದು.

ಇಂಥ ತೊಂದರೆಗೆ ಕೀಲಿಮಣೆಯನ್ನು ದೂರುವುದು ಅನ್ಯಾಯ. ಏಕೆಂದರೆ ಕೀಲಿಮಣೆ ಅಕ್ಷರಗಳನ್ನು ಕಳುಹಿಸುವುದೇ ಇಲ್ಲ. ಯಾವ ಸ್ಥಾನದ ಕೀಲಿಯನ್ನು ಒತ್ತಲಾಯಿತು ಎಂಬುದನ್ನು ಸೂಚಿಸುವ ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ಯುಎಸ್‌ಬಿ ಮಾನದಂಡದ ಪ್ರಕಾರ ಎ ಕೀಲಿಯ ಸಂಖ್ಯೆ 4, ಬಿ ಕೀಲಿಯದು 5, ಝಡ್ ಕೀಲಿಯದು 29. ಆ ಸಂಖ್ಯೆಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರ್. ಕನ್ನಡದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕೆ ಮತ್ತು ಎಫ್ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದರೆ ಕಗಪದಲ್ಲಿ ‘ಕ್’ ಬರುತ್ತದೆ, ಇನ್ನೊಂದು ಕನ್ನಡ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲಿ ‘ಕಿ’ ಬರುತ್ತದೆ. ಕೆ ಕೀಲಿಗೆ ಎರಡರಲ್ಲೂ ‘ಕ’ ಇರುವುದರಿಂದ ವಿನ್ಯಾಸ ಬದಲಾದದ್ದು ತಕ್ಷಣ ಹೊಳೆಯದೆ, ಎಫ್ ಕೀಲಿಯೇ ಕೆಟ್ಟಿದೆ ಎನಿಸುವುದು ಸಹಜ.

ನನ್ನ ಸಹನೆ ಕೆಟ್ಟದ್ದು ಇದಾದ ಮೇಲೆ. ಒಂದು ಮಧ್ಯಾಹ್ನ ಡಬ್ಲ್ಯು ಒತ್ತಿದರೆ ಅಕ್ಷರ ಮೂಡುವ ಬದಲು ಕರ್ಸರ್ ಮೇಲಿನ ಸಾಲಿಗೆ ಹೋಯಿತು. ಬಾಣದ ಕೀಲಿಗಳನ್ನು ಒತ್ತಿದರೆ ಡಬ್ಲ್ಯು, ಎ, ಎಸ್, ಡಿ ಅಕ್ಷರಗಳು ಬಂದವು. ವಿನ್ಯಾಸ ಸರಿಯಾಗಿಯೇ ಇತ್ತು. ಕಂಪ್ಯೂಟರ್ ಮರುಪ್ರಾರಂಭಿಸಿದರೂ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದರೂ ಬದಲಾಗಲಿಲ್ಲ. ಕೀಲಿಮಣೆಯನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿದಾಗ ಅಲ್ಲಿಯೂ ಅದೇ ವರ್ತನೆ ಮುಂದುವರಿಯಿತು. ಅಕ್ಷರ ತಪ್ಪಿ ಬರುವವರೆಲ್ಲ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ದೋಷ ಕೀಲಿಮಣೆಯ ಜೊತೆ ಹೋದರೆ ಅದು ಕೀಲಿಮಣೆಯದು, ಹಿಂದೆಯೇ ಉಳಿದರೆ ಕಂಪ್ಯೂಟರಿನದು.

ಈ ಮಾದರಿಯಲ್ಲಿ ಎಫ್‌ಎನ್ (Fn) ಎಂಬ ಕೀಲಿಯ ಜೊತೆ ಡಬ್ಲ್ಯು ಒತ್ತಿದರೆ ಆ ನಾಲ್ಕು ಅಕ್ಷರಗಳೂ ಬಾಣದ ಕೀಲಿಗಳೂ ಅದಲುಬದಲಾಗುತ್ತವೆ. ಮತ್ತೊಮ್ಮೆ ಒತ್ತಿದರೆ ಮೊದಲಿನಂತಾಗುತ್ತವೆ. ಆಟವಾಡುವವರಿಗೆ ಇದರಿಂದ ಅನುಕೂಲವಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಧ್ವನಿ ತಗ್ಗಿಸಲು ಎಫ್‌ಎನ್ ಜೊತೆ ಕ್ಯೂ, ಹೆಚ್ಚಿಸಲು ಎಫ್‌ಎನ್ ಜೊತೆ ಇ ಎಂದು ಗೊತ್ತುಮಾಡಿದ ತಯಾರಕರು ಅವೆರಡರ ನಡುವಿನ ಕೀಲಿಗೇ ಈ ಅದಲುಬದಲನ್ನು ಇಟ್ಟದ್ದು ಏಕೆ? ಕೀಲಿಯ ಮೇಲೆ ಗುರುತಿಲ್ಲ, ಬದಲಾವಣೆಯಾದಾಗ ಬೆಳಗುವ ದೀಪವಿಲ್ಲ, ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ ಇದರ ಸುದ್ದಿಯೇ ಇಲ್ಲ. ಬಣ್ಣಬಣ್ಣದ ಅಷ್ಟೊಂದು ದೀಪಗಳನ್ನು ಕೊಟ್ಟವರು ಒಂದನ್ನು ಇದಕ್ಕೆ ಮೀಸಲಿಡಬಹುದಿತ್ತು. ಗ್ರಾಹಕ ಸೇವೆಗೆ ಬರೆದರೆ ಡ್ರೈವರ್ (ಕೀಲಿಮಣೆಯನ್ನು ನಿಭಾಯಿಸಲು ಕಂಪ್ಯೂಟರಿನಲ್ಲಿರುವ ತಂತ್ರಾಂಶ) ಮರುಸ್ಥಾಪಿಸಿ ಎಂಬ ಉತ್ತರ ಬಂದಿತು. ಬದಲಾವಣೆ ಕೀಲಿಮಣೆಯ ಸ್ಮೃತಿಯಲ್ಲೇ ಉಳಿದಿರುವಾಗ ಡ್ರೈವರ್ ಏನು ಮಾಡೀತು?

ಕೊನೆಯದಾಗಿ ಬಂದದ್ದು ಮಾತ್ರ ನಿಜವಾದ ಯಂತ್ರದೋಷ, ಮತ್ತು ಈ ಕೀಲಿಮಣೆಯ ಮೇಲಿನ ಮುನಿಸು ಸ್ವಲ್ಪ ಇಳಿದದ್ದೂ ಅದರಿಂದಲೇ. ಆರ್ ಕೀಲಿಯನ್ನು ಒಮ್ಮೆ ಒತ್ತಿದರೆ ಎರಡು ಸಲ ದಾಖಲಾಗತೊಡಗಿತು. ‘ಮರ’ ಎಂದು ಬರೆದರೆ ‘ಮರರ’ ಎಂದಾಗುತ್ತಿತ್ತು. ಸ್ವಿಚ್ಚಿನೊಳಗಿನ ಲೋಹದ ಪಟ್ಟಿಗಳು ಕೂಡುವಾಗ ಕ್ಷಣಮಾತ್ರ ಕಂಪಿಸುತ್ತವೆ. ಆ ಕಂಪನವನ್ನು ಹಲವು ಒತ್ತುಗಳೆಂದು ಎಣಿಸದಿರಲು ಕೀಲಿಮಣೆಯ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ತಂತ್ರಾಂಶ, ಕೆಲವು ಮಿಲಿಸೆಕೆಂಡು, ಅನೇಕ ಕೀಲಿಮಣೆಗಳಲ್ಲಿ ಸುಮಾರು 5, ಕಾಯುತ್ತದೆ. ಪಟ್ಟಿ ಸವೆದು ಅಥವಾ ಧೂಳು ಸೇರಿ ಕಂಪನ ಅದಕ್ಕಿಂತ ಹೆಚ್ಚು ಹೊತ್ತು ನಡೆದರೆ ಅಕ್ಷರ ಎರಡಾಗುತ್ತದೆ.

ಇದರಲ್ಲಿ ಸ್ವಿಚ್‌ಗಳನ್ನು ಬೆಸುಗೆ ಬಿಡಿಸದೆಯೇ ಕಿತ್ತು ಕೂರಿಸಬಹುದು. ಕೇಬಲ್ ತೆಗೆದಿಟ್ಟು, ಜೊತೆಗೆ ಕೊಟ್ಟಿದ್ದ ಇಕ್ಕಳದಿಂದ ಆರ್ ಕೀಲಿಯ ಸ್ವಿಚ್ಚನ್ನು ಕಿತ್ತೆ. ನಾನು ಬಳಸುವುದೇ ಅಪರೂಪವಾದ, 1ರ ಎಡಕ್ಕಿರುವ ಕೀಲಿಯ ಸ್ವಿಚ್ಚನ್ನು ಅಲ್ಲಿ ಕೂರಿಸಿ, ಕಿತ್ತದ್ದನ್ನು ಇದರ ಜಾಗಕ್ಕೆ ಹಾಕಿದೆ. ತಾಮ್ರದ ಎರಡು ಕಾಲುಗಳು ಬಾಗದಂತೆ ನೇರವಾಗಿ ಒತ್ತಿದಾಗ ‘ಟಕ್’ ಎಂಬ ಸದ್ದಿನೊಂದಿಗೆ ಕೂತವು. ಆರ್ ಸರಿಹೋಯಿತು, ಎರಡೆರಡು ಸಲ ಮೂಡುವ ಕಾಯಿಲೆ ಆ ಮೂಲೆಯ ಕೀಲಿಗೆ ಹೋಯಿತು. ಸರ್ಕ್ಯೂಟ್ ಹಲಗೆಯಲ್ಲಿ ದೋಷವಿಲ್ಲ, ಸ್ವಿಚ್ಚಿನದೇ ತಪ್ಪು ಎಂಬುದು ಇದರಿಂದ ಖಚಿತವಾಯಿತು. ಒಂದು ಹೊಸ ಸ್ವಿಚ್ ತರಿಸಿ ಹಾಕಿದ ಮೇಲೆ ಅದೂ ಹೋಯಿತು. ಬೆಸುಗೆ ಹಾಕಿದ ಕೀಲಿಮಣೆಯಾಗಿದ್ದರೆ ದುರಸ್ತಿಗೆ ಕೊಟ್ಟು ಕಾಯಬೇಕಾಗುತ್ತಿತ್ತು.

ಇದನ್ನು ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಅವರ ಕೆಲಸದ ಮೇಲೆ ನಿಂತಿದೆ. ನನ್ನ ಮಟ್ಟಿಗೆ ಇದು ಆಗಾಗ ಮಾಡಬಹುದಾದ ಖರ್ಚಲ್ಲ, ಹಾಗಾಗಿ ಒಂದು ಸ್ವಿಚ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದೆಂಬುದು ನನಗೆ ದೊಡ್ಡ ಗುಣ. ದಿನವೂ ಬಹಳ ಟೈಪ್ ಮಾಡುವವರು ಧಾರಾಳವಾಗಿ ಕೊಳ್ಳಲಿ. ಒಂದೇ ಕಂಪ್ಯೂಟರನ್ನು ಮನೆಮಂದಿಯೆಲ್ಲ ಬಳಸುವಲ್ಲಿ, ಮಕ್ಕಳ ಬೆರಳು ಎಲ್ಲ ಕೀಲಿಗಳ ಮೇಲೂ ಓಡಾಡುವಲ್ಲಿ, ಇದನ್ನು ಶಿಫಾರಸು ಮಾಡಲಾರೆ. ಆ ಅದಲುಬದಲನ್ನು ಪೂರ್ತಿ ನಿಷ್ಕ್ರಿಯಗೊಳಿಸುವ ಸೌಲಭ್ಯವನ್ನು ತಯಾರಕರು ಫರ್ಮ್‌ವೇರ್‌ನಲ್ಲಿ ಕೊಟ್ಟ ದಿನ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.