70 ರೂಪಾಯಿಯ ಗುಲಾಬಿ, 280 ರೂಪಾಯಿಯ ಗುಲಾಬಿ: ಕಲಬುರಗಿಯಲ್ಲಿ ಗಿಡ ಕೊಂಡ ಒಂದು ವರ್ಷ

ಕಳೆದ ವರ್ಷ ಮೃಗಶಿರಾ ಮಳೆ ಬಿದ್ದ ವಾರ ಒಂದೇ ದಿನ ಎರಡು ಗುಲಾಬಿ ಗಿಡ ಕೊಂಡೆ. ಒಂದನ್ನು ರಿಂಗ್ ರಸ್ತೆಯ ಕಡೆಗಿರುವ ದೊಡ್ಡ ಗಾರ್ಡನ್ ಸೆಂಟರ್‌ನಲ್ಲಿ 280 ರೂಪಾಯಿಗೆ, ಇನ್ನೊಂದನ್ನು ಊರಾಚೆ ಹಸಿರು ಪರದೆ ಕಟ್ಟಿಕೊಂಡಿರುವ ಸಣ್ಣ ನರ್ಸರಿಯಲ್ಲಿ 70 ರೂಪಾಯಿಗೆ. ಎರಡೂ ಕೆಂಪು ಹೂವಿನವು, ಎರಡೂ ಮೊಣಕಾಲೆತ್ತರದವು. ಅಂಗಳದಲ್ಲಿ ಪಕ್ಕಪಕ್ಕ ಇಟ್ಟಾಗ ಅತ್ತೆ, "ನಾಲ್ಕು ಪಟ್ಟು ಕೊಟ್ಟು ಬಂದಿದ್ದೀಯಲ್ಲ, ಅದು ನಾಲ್ಕು ಪಟ್ಟು ಹೂ ಬಿಡುತ್ತದೆಯೇನು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಮನಸ್ಸಿನಲ್ಲೇ ಉಳಿದುದರಿಂದ ಆ ಮಳೆಗಾಲದಲ್ಲಿ ದಾಸವಾಳ, ಮನಿ ಪ್ಲಾಂಟ್, ಲಿಂಬೆ ಇವುಗಳನ್ನೂ ಎರಡೂ ಕಡೆಯಿಂದ ಒಂದೊಂದು ತಂದೆ; ಮಾವನ್ನು ಗಾರ್ಡನ್ ಸೆಂಟರ್‌ನಿಂದ ಒಂದು, ಇನ್ನೊಂದು ಸಣ್ಣ ನರ್ಸರಿಯಿಂದ ಒಂದು ತಂದೆ. ಲಿಂಬೆಗೆ ಮಾತ್ರ ಮೂರನೆಯ ಬಾಗಿಲನ್ನೂ ತಟ್ಟಿದೆ: ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರ. ಈಗ ಬದುಕುಳಿದವೆಲ್ಲ ಒಂದು ಪೂರ್ಣ ಬೇಸಿಗೆ ಕಂಡಿವೆ.

ಮೊದಲು ಸುಲಭದ ಸಂಗತಿ. ಮನಿ ಪ್ಲಾಂಟ್ ಗಾರ್ಡನ್ ಸೆಂಟರ್‌ನಲ್ಲಿ 220, ನರ್ಸರಿಯಲ್ಲಿ 60. ಎರಡಕ್ಕೂ ಒಂದೇ ಬಗೆಯ ಎಲೆ, ಒಂದೇ ಬಗೆಯ ತೆಂಗಿನ ನಾರಿನ ಪುಡಿ, ಬುಡದಲ್ಲಿ ಒಂದೇ ಬಗೆಯ ತೆಳು ಪ್ಲಾಸ್ಟಿಕ್ ಚೀಲ. ಅನುಮಾನ ಬಂದು ನರ್ಸರಿಯ ಕಾಕಾನನ್ನು ಕೇಳಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ: "ಒಂದೇ ಲಾರಿ ತಂಗಿ. ಇಲ್ಲಿ ಅರ್ಧ ಇಳಿಸಿ ಅಲ್ಲಿಗೆ ಹೋಗುತ್ತದೆ." ಲಾರಿ ಬರುವುದು ಆಂಧ್ರದ ಕಡಿಯಂನಿಂದ. ರಾಜಮಹೇಂದ್ರವರದ ಪಕ್ಕ, ಗೋದಾವರಿ ದಡದ ಆ ಊರಿನ ಸುತ್ತ ನರ್ಸರಿಗಳದ್ದೇ ರಾಜ್ಯ. ಕಲಬುರಗಿಗೆ ಸುಮಾರು 600 ಕಿಲೋಮೀಟರ್ ದೂರ. ಅಂದರೆ ಇಲ್ಲಿ 160 ರೂಪಾಯಿಯ ವ್ಯತ್ಯಾಸ ಗಿಡದ್ದಲ್ಲ. ಗಾರ್ಡನ್ ಸೆಂಟರ್‌ನವರು ಅದನ್ನು ಇಟ್ಟುಕೊಟ್ಟ ಬಿಳಿ ಕುಂಡದ್ದು, ಅಂಗಡಿಯ ಬಾಡಿಗೆಯದ್ದು, ನೀರು ಹಾಕುವ ನಾಲ್ಕು ಜನರ ಸಂಬಳದ್ದು. ಸಸಿಗೆ ಜಿಎಸ್‌ಟಿ ಇಲ್ಲ, ಪ್ಲಾಸ್ಟಿಕ್ ಕುಂಡಕ್ಕೆ ಇದೆ. ಮನೆಯಲ್ಲಿ ಖಾಲಿ ಕುಂಡವಿದ್ದರೆ 60 ರೂಪಾಯಿಯ ಮನಿ ಪ್ಲಾಂಟ್ ಸಾಕು.

ಗಾರ್ಡನ್ ಸೆಂಟರ್‌ನವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅಲ್ಲಿಂದ ತಂದ ಅರೆಕಾ ಪಾಮ್ ಎರಡನೆಯ ವಾರಕ್ಕೇ ಬಾಡಿತು. ಬಿಲ್ ತೋರಿಸಿದಾಗ ಮರುಮಾತಿಲ್ಲದೆ ಬೇರೆಯದನ್ನು ಕೊಟ್ಟರು. ಹೀಗೆ ಬದಲಿಸಿಕೊಟ್ಟ ಗಿಡದ ಬೆಲೆಯೂ, ಲಾರಿಯಲ್ಲೇ ಬಾಡಿಹೋದ ಗಿಡದ ಬೆಲೆಯೂ ಉಳಿದ ಗಿಡಗಳ ಮೇಲೆ ಹಂಚಿಹೋಗುತ್ತದೆ. ಅದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಸಣ್ಣ ನರ್ಸರಿಯಲ್ಲಿ ಬಿಲ್ ಇಲ್ಲ, ಗಿಡ ಸತ್ತರೆ ನಷ್ಟ ಕೊಂಡವರದ್ದೇ.

ದಾಸವಾಳದಲ್ಲಿ ನರ್ಸರಿಯೇ ಗೆದ್ದಿತು. ನರ್ಸರಿಯಲ್ಲಿ 40, ಗಾರ್ಡನ್ ಸೆಂಟರ್‌ನಲ್ಲಿ 180. ಕಾಕಾ ತಮ್ಮ ಬಾವಿಯ ಬದಿಯ ತಾಯಿಗಿಡದಿಂದ ಕಡ್ಡಿ ಕತ್ತರಿಸಿ ನೆಡುತ್ತಾರೆ. ಬೋಗನ್‌ವಿಲ್ಲಾ, ಕಣಗಿಲೆ, ಮಲ್ಲಿಗೆಯೂ ಹಾಗೆಯೇ. ಖರ್ಚು ಎಂದರೆ ಗಿಡದ ಪ್ಲಾಸ್ಟಿಕ್ ಪಾಕೀಟು, ಮಣ್ಣು ಮತ್ತು ಮನೆಯವರ ದುಡಿಮೆ. ಕಡ್ಡಿಯಿಂದ ಬರುವ ಗಿಡಕ್ಕೆ ಹೆಚ್ಚು ಕೊಡುವ ಕಾರಣ ನನಗೆ ಕಾಣಲಿಲ್ಲ.

ಇನ್ನು ಗುಲಾಬಿ. ಗಾರ್ಡನ್ ಸೆಂಟರ್‌ನ ಗಿಡ ಬರುವಾಗಲೇ ನಾಲ್ಕು ಹೂ, ಆರು ಮೊಗ್ಗು ಹೊತ್ತು ಬಂದಿತ್ತು. ನರ್ಸರಿಯದು ಒಂದೇ ಒಂದು ಮೊಗ್ಗು, ಎಲೆಗಳ ಮೇಲೆ ಧೂಳು. ಶ್ರಾವಣ ಮುಗಿಯುವವರೆಗೂ ನಾನು ದುಬಾರಿ ಗಿಡದ ಪಕ್ಷವನ್ನೇ ವಹಿಸಿದ್ದೆ. ಆಮೇಲೆ ಅದರ ಎಲೆಗಳು ಹಳದಿಯಾಗತೊಡಗಿದವು. ನೀರು ಹಾಕಿದರೆ ಕುಂಡದ ಅಂಚಿನಿಂದ ಇಳಿದು ನೇರವಾಗಿ ಕೆಳಗೆ ಹರಿದುಹೋಗುತ್ತಿತ್ತು. ಕೊನೆಗೆ ಕುಂಡ ಬೋರಲು ಹಾಕಿ ನೋಡಿದೆ. ಮೇಲೆ ಸಡಿಲವಾದ ಹೊಸ ಮಣ್ಣು, ಒಳಗೆ ಮುಷ್ಟಿಗಾತ್ರದ ಗಟ್ಟಿ ಜೇಡಿಮಣ್ಣಿನ ಉಂಡೆ. ಬೇರುಗಳೆಲ್ಲ ಆ ಉಂಡೆಯಲ್ಲೇ ಸಿಕ್ಕಿಕೊಂಡಿದ್ದವು. ದೂರದಿಂದ ಬರುವ ಗಿಡ ಅಲುಗಾಡಬಾರದೆಂದು ಹೀಗೆ ಬಿಗಿಯಾಗಿ ಕಟ್ಟುತ್ತಾರೆ. ಆ ಉಂಡೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಬೇರು ಹರಿಯದಂತೆ ಸಡಿಲಿಸಿ ನೆಡಬೇಕಿತ್ತು. ನನಗೆ ಅದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಚಳಿಗಾಲದಲ್ಲಿ ಬಿದ್ದಿತು. ಮಾರಾಟಕ್ಕೆ ಬರುವ ಗುಲಾಬಿಗಳಲ್ಲಿ ಬಹುಪಾಲು ಕಣ್ಣುಕಸಿಯವು: ಗಟ್ಟಿಮುಟ್ಟಾದ ಕಾಡುಗುಲಾಬಿಯ ಬುಡಕ್ಕೆ ಬೇಕಾದ ಹೂವಿನ ಗಿಡದ ಒಂದು ಕಣ್ಣನ್ನು, ಅಂದರೆ ಚಿಗುರೊಡೆಯುವ ಗಂಟನ್ನು, ಕೂಡಿಸಿರುತ್ತಾರೆ. ಕಣ್ಣಿನ ಕೆಳಗಿನಿಂದ ಹೊರಟ ಕೊಂಬೆಯನ್ನು ಕಂಡ ಕೂಡಲೇ ಬುಡದಿಂದ ಕಿತ್ತುಹಾಕಬೇಕು, ಇಲ್ಲದಿದ್ದರೆ ಅದೇ ಎಲ್ಲ ಸಾರವನ್ನೂ ಎಳೆದುಕೊಳ್ಳುತ್ತದೆ. ಉದ್ದುದ್ದ ಬೆಳೆದ ಹಸಿರು ಕೊಂಬೆಯನ್ನು ನೋಡಿ ಗಿಡ ಚೇತರಿಸಿಕೊಂಡಿತು ಎಂದು ನಾನು ಹಿಗ್ಗಿದ್ದೆ. ಹೂ ಬರಲಿಲ್ಲ. ಮೇಲಿನ ಕಸಿ ಯುಗಾದಿಗೆ ಮೊದಲೇ ಒಣಗಿತು. ಕುಂಡ ಮಾತ್ರ ಒಳ್ಳೆಯದು. ಈಗ ಅದರಲ್ಲಿ ಅತ್ತೆಯವರ ತುಳಸಿ ಇದೆ.

70 ರೂಪಾಯಿಯದೂ ಕಣ್ಣುಕಸಿಯದೇ. ಆದರೆ ಅದು ಕಾಕಾನ ಬಳಿ ಐದು ತಿಂಗಳು ಇದ್ದ ಗಿಡ. ಅವರು ಅದನ್ನು ತಮ್ಮದೇ ಮಣ್ಣಿಗೆ ವರ್ಗಾಯಿಸಿದ್ದರು: ಒಂದು ಪಾಲು ಇಲ್ಲಿಯ ಎರೆಮಣ್ಣು, ಎರಡು ಪಾಲು ಬೀದರ್ ಕಡೆಯಿಂದ ತರಿಸಿದ ಕೆಂಪು ಮಣ್ಣು, ಒಂದು ಪಾಲು ಕಳಿತ ತಿಪ್ಪೆಗೊಬ್ಬರ. ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ; ಬರೀ ಅದನ್ನೇ ಕುಂಡಕ್ಕೆ ತುಂಬಿದರೆ ಎಳೆ ಬೇರು ಹರಿಯುತ್ತದೆ. ಬೀದರಿನದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ, ಅಲ್ಲಿಯ ಕೆಂಪು ಮಣ್ಣಿನಲ್ಲಿ ನೀರು ಬಸಿಯುತ್ತದೆ. ಆ ಮಣ್ಣು ನೂರು ಕಿಲೋಮೀಟರ್‌ಗೂ ಹೆಚ್ಚು ದೂರದಿಂದ ಟ್ರ್ಯಾಕ್ಟರ್‌ನಲ್ಲೋ ಟಿಪ್ಪರ್‌ನಲ್ಲೋ ಬರಬೇಕು. ಹಾಗಾಗಿ ಪಾಕೀಟು ದೊಡ್ಡದಾದಷ್ಟೂ ದರ ಏರುತ್ತದೆ. ಅರಣ್ಯ ಇಲಾಖೆ ರೈತರಿಗೆ ಕೊಡುವ ಸಸಿಗಳ ದರವನ್ನು ಪಾಕೀಟಿನ ಅಳತೆಯ ಮೇಲೆ ನಿಗದಿ ಮಾಡುವುದೂ ಇದೇ ಕಾರಣಕ್ಕೆ: ಹೆಚ್ಚು ಮಣ್ಣು, ಹೆಚ್ಚು ಜಾಗ, ಹೆಚ್ಚು ತಿಂಗಳ ಆರೈಕೆ.

ಏಪ್ರಿಲ್ ಕೊನೆಯಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿದಾಗ ಆ 70 ರೂಪಾಯಿಯ ಗಿಡ ಹೂ ಬಿಡುವುದನ್ನು ನಿಲ್ಲಿಸಿತು, ಎಲೆ ಸಣ್ಣದಾಯಿತು, ಆದರೆ ಬದುಕಿತು. ಈಗ ಹನ್ನೊಂದು ಮೊಗ್ಗು ಇವೆ.

ಲಿಂಬೆ ಮತ್ತು ಮಾವಿನಲ್ಲಿ ಲೆಕ್ಕ ತಿರುಗಿತು. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ತಿಳಿಯಲು ನನಗೆ ಒಂದು ಮಾವಿನ ಗಿಡವೇ ಹೋಯಿತು.

ಗಾರ್ಡನ್ ಸೆಂಟರ್‌ನ ಲಿಂಬೆ 350 ರೂಪಾಯಿ, ಮೂರು ಕಾಯಿ ಸಮೇತ. ನರ್ಸರಿಯದು 90. ಇಲಾಖೆಯ ಸಸ್ಯಕ್ಷೇತ್ರದಲ್ಲಿ ಅದರ ಅರ್ಧಕ್ಕೂ ಕಡಿಮೆ. ದರ ಫಲಕದಲ್ಲಿ ಬರೆದಿರುತ್ತದೆ, ಚೌಕಾಸಿ ಇಲ್ಲ. ಇಲಾಖೆಯದು ಬೀಜದ ಸಸಿ, ಒಂದು ಗೇಣು ಎತ್ತರ. ಬೀಜದ್ದು ಎಂದು ಮೂಗು ಮುರಿಯಬೇಕಾಗಿಲ್ಲ. ಕಾಗ್ಜಿ ಲಿಂಬೆಯ ಒಂದೊಂದು ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಗುಣವನ್ನೇ ಹೊತ್ತಿರುತ್ತವೆ. ಕಾಯಿ ಬಿಡಲು ಒಂದೆರಡು ವರ್ಷ ತಡವಾಗಬಹುದು, ಅಷ್ಟೇ. 350 ರೂಪಾಯಿಯ ಗಿಡದ ಮೂರೂ ಕಾಯಿ ತಿಂಗಳೊಳಗೆ ಉದುರಿದವು, ಎಲೆಯ ನರ ಮಾತ್ರ ಹಸಿರಾಗಿ ಉಳಿದು ಉಳಿದದ್ದು ಹಳದಿಯಾಯಿತು. ಸುಣ್ಣದ ಅಂಶವಿರುವ ನಮ್ಮ ಕಪ್ಪು ನೆಲದಲ್ಲಿ ಬೇರಿಗೆ ಕಬ್ಬಿಣ ಸಿಗದಿದ್ದರೆ ಹೀಗಾಗುತ್ತದೆ. ಗಿಡ ಬದುಕಿದೆ, ಆದರೆ ಇನ್ನೂ ಸೊರಗಿಯೇ ಇದೆ. ಇಲಾಖೆಯ ಸಸಿ ಅದರ ಭುಜಕ್ಕೆ ಬಂದಿದೆ. ಸಣ್ಣ ಪಾಕೀಟಿನ ಎಳೆ ಗಿಡ ಹೊಸ ನೆಲಕ್ಕೆ ಬೇಗ ಹೊಂದಿಕೊಂಡಿತು ಎಂದೇ ನನ್ನ ನಂಬಿಕೆ.

ಮಾವಿನಲ್ಲಿ ಈ ಉಳಿತಾಯ ನಡೆಯುವುದಿಲ್ಲ. ಕೇಸರ್ ಮಾವಿನ ಗೊರಟೆ ನೆಟ್ಟರೆ ಕೇಸರ್ ಬರುತ್ತದೆಂಬ ಭರವಸೆ ಇಲ್ಲ, ಕಸಿಯೇ ಬೇಕು. ಗೊರಟೆ ಮೊಳೆಯಿಸಿ, ಸಸಿ ಬೆಳೆಸಿ, ಒಳ್ಳೆಯ ಮರದ ಕುಡಿ ತಂದು ಕಟ್ಟಿ, ಅವುಗಳಲ್ಲಿ ಹತ್ತಿದವನ್ನು ಮಾತ್ರ ಮಾರಬೇಕು. ಹತ್ತದೆ ಹೋದವುಗಳ ಖರ್ಚೂ ಹತ್ತಿದ ಗಿಡದ ಬೆಲೆಯಲ್ಲಿ ಸೇರುತ್ತದೆ. ಗಾರ್ಡನ್ ಸೆಂಟರ್‌ನಲ್ಲಿ 450 ಕೊಟ್ಟ ಗಿಡದಲ್ಲಿ ನೆಲದಿಂದ ಒಂದು ಗೇಣು ಮೇಲೆ ಕಸಿಯ ಗಂಟು ಸ್ಪಷ್ಟವಾಗಿತ್ತು. 150ಕ್ಕೆ ನಾನು ಇನ್ನೊಂದು ಸಣ್ಣ ನರ್ಸರಿಯಿಂದ ತಂದ ಗಿಡದಲ್ಲಿಯೂ ಕಸಿಯ ಜಾಗಕ್ಕೆ ಪಟ್ಟಿ ಕಟ್ಟಿತ್ತು, ಅದನ್ನೇ ನೋಡಿ ತೃಪ್ತಳಾದೆ. ತವರಿನ ಹೊಲದ ಬದುವಿನಲ್ಲಿ ಎರಡನ್ನೂ ನೆಟ್ಟ ಮೇಲೆ ಅಣ್ಣ ಪಟ್ಟಿ ಬಿಚ್ಚಿದ. ಕಸಿಯ ಕುಡಿ ಯಾವಾಗಲೋ ಸತ್ತಿತ್ತು. ಚಿಗುರಿದ್ದು ಪಟ್ಟಿಯ ಕೆಳಗಿನ ನಾಟಿ ಸಸಿ. ಅದು ಹಣ್ಣು ಕೊಡಲು ಏಳೆಂಟು ವರ್ಷ ಬೇಕು, ಕೊಟ್ಟದ್ದು ಹುಳಿಯೋ ಸಿಹಿಯೋ ಆಗಲೇ ತಿಳಿಯಬೇಕು. ಒಳ್ಳೆಯ ಕಸಿ ಮೂರು ನಾಲ್ಕು ವರ್ಷಕ್ಕೇ ಕಾಯಿ ಹಿಡಿಯುತ್ತದೆ. ಮಾರಿದವರಿಗೆ ಗೊತ್ತಿತ್ತೋ ಇಲ್ಲವೋ, ನಾಲ್ಕು ವರ್ಷದ ವ್ಯತ್ಯಾಸದ ಮುಂದೆ 300 ರೂಪಾಯಿಯ ಉಳಿತಾಯ ಏನೂ ಅಲ್ಲ. ಮಾವು ಕೊಳ್ಳುವವರು ಪಟ್ಟಿಯನ್ನಲ್ಲ, ಚಿಗುರು ಅದರ ಮೇಲಿನಿಂದ ಹೊರಟಿದೆಯೋ ಕೆಳಗಿನಿಂದಲೋ ಎಂಬುದನ್ನು ಬೆರಳಿಟ್ಟು ನೋಡಬೇಕು.

ಈ ವರ್ಷ ಮಳೆ ಹಿಡಿದ ಮೇಲೆ ಮತ್ತೆ ಕಾಕಾನ ಬಳಿ ಹೋದೆ. ಗುಲಾಬಿಗಳು ಎರಡು ಸಾಲಿನಲ್ಲಿದ್ದವು. ಹೊಸ ಲಾರಿಯಲ್ಲಿ ಬಂದ, ಹೂ ತುಂಬಿದ ಸಾಲು 70. ಅದರ ಪಕ್ಕದ್ದು ಒರಟು ಕಾಂಡದ, ನಾಲ್ಕೇ ಎಲೆಯ ಸಾಲು. ಅದಕ್ಕೆ 120 ಹೇಳಿದರು. ಹಳೆಯ ದಾಸ್ತಾನಿಗೆ ಹೆಚ್ಚು ದರವೇ ಎಂದು ಕೇಳಿದೆ.

"ಇವು ನಮ್ಮ ಬೇಸಿಗೆ ದಾಟಿದವು ತಂಗಿ. ನೂರು ಇಟ್ಟಿದ್ದೆ, ನಲವತ್ತು ಉಳಿದವು. ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಹಾಕಿಸಿದ್ದೇನೆ."

ಒಂದಕ್ಕೆ 120ರಂತೆ ಕೊಟ್ಟು ಎರಡು ತಂದೆ, ಚೌಕಾಸಿ ಮಾಡಲಿಲ್ಲ. ಮಾವಿಗೆ ಮಾತ್ರ ಈ ಸಲ ಸಸ್ಯಕ್ಷೇತ್ರದಲ್ಲೇ ಹೇಳಿಟ್ಟಿದ್ದೇನೆ; ಗಿಡ ಕೈಗೆ ಬರುವಾಗ ಅಣ್ಣನನ್ನೂ ಕರೆದುಕೊಂಡು ಹೋಗುತ್ತೇನೆ.