ಅಳತೆ ಕೊಟ್ಟು ಹೊಲಿಸಿದ ಕಿಲ್ಟ್: ಬೆಲೆಯೆಲ್ಲ ನೆರಿಗೆಯಲ್ಲಿದೆ

ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮೊಣಕಾಲಿನವರೆಗಿನ ನೆರಿಗೆಯ ಉಡುಪು. ಅಲ್ಲಿನ ರಾಜಧಾನಿ ಎಡಿನ್‌ಬರ್ಗ್‌ನ ರಾಯಲ್ ಮೈಲ್ ಬೀದಿಯಲ್ಲಿ ಪ್ರವಾಸಿಗರಿಗಾಗಿ ತೂಗುಹಾಕಿರುವ ಸಿದ್ಧ ಕಿಲ್ಟ್‌ಗಳಿಗೂ, ಅದೇ ಊರಿನ ಒಳಬೀದಿಯೊಂದರಲ್ಲಿ ಅಳತೆ ತೆಗೆದುಕೊಂಡು ಕೈಯಲ್ಲೇ ಹೊಲಿದುಕೊಡುವ ಕಿಲ್ಟ್‌ಗೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿದೆ. ಎರಡನೆಯದನ್ನು ಹೊಲಿಸಿಕೊಂಡು, ಸ್ನೇಹಿತರ ಮದುವೆಗಳಿಗೆ ಉಟ್ಟ ಮೇಲೆ, ಆ ಅಂತರ ನ್ಯಾಯವಾದದ್ದೇ ಎಂದು ಖಚಿತವಾಗಿ ಹೇಳಬಲ್ಲೆ.

ಇದಕ್ಕೆ ಗಜಕ್ಕೆ 16 ಔನ್ಸ್ ತೂಗುವ ದಪ್ಪ ಉಣ್ಣೆಬಟ್ಟೆ 8 ಗಜ ಬೇಕು. ಮುಂಭಾಗದಲ್ಲಿ ಎರಡು ಸೆರಗುಗಳು ಒಂದರ ಮೇಲೊಂದು ಚಪ್ಪಟೆಯಾಗಿ ಕೂರುತ್ತವೆ; ಉಳಿದ ಬಟ್ಟೆಯೆಲ್ಲ ಹಿಂಬದಿಯ ನೆರಿಗೆಗಳಿಗೆ ಹೋಗುತ್ತದೆ. ದರ್ಜಿ ಒಂದೊಂದು ನೆರಿಗೆಯನ್ನೂ ಟಾರ್ಟನ್ ಎಂಬ ಬಣ್ಣದ ಗೆರೆಗಳ ಬಟ್ಟೆಯ ಚೌಕಳಿ ಎಲ್ಲಿಯೂ ಮುರಿಯದಂತೆ ಮಡಿಸಿ, ಸೊಂಟದ ಬಳಿ ಕಿರಿದುಗೊಳಿಸಿ, ಸಣ್ಣ ಕೈಹೊಲಿಗೆಯಿಂದ ಬಂಧಿಸುತ್ತಾರೆ. ಒಳಗಿನ ಕ್ಯಾನ್ವಾಸ್ ಪಟ್ಟಿ ಆ ಆಕಾರವನ್ನು ಹಿಡಿದಿಡುತ್ತದೆ. ನಡೆದಾಗ ಬೀಸಿದ ನೆರಿಗೆ, ನಿಂತೊಡನೆ ತನ್ನ ಜಾಗಕ್ಕೇ ಮರಳುತ್ತದೆ. ಇಸ್ತ್ರಿಯ ಗೆರೆಯನ್ನಷ್ಟೇ ನೆಚ್ಚಿರುವ ಅಗ್ಗದ ಅಕ್ರಿಲಿಕ್ ಕಿಲ್ಟ್‌ನಲ್ಲಿ ಒಮ್ಮೆ ಕೂತು ಎದ್ದರೆ ನೆರಿಗೆ ಕೆಡುತ್ತದೆ.

ಈ ಅಂಗಡಿಯವರನ್ನು ನಾನು ಮೆಚ್ಚಲು ಇನ್ನೊಂದು ಕಾರಣ, ಇತಿಹಾಸವನ್ನು ಅವರು ಉತ್ಪ್ರೇಕ್ಷೆಯಿಲ್ಲದೆ ಹೇಳುವ ರೀತಿ. 16ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್ಸ್ ಮತ್ತು ಪಶ್ಚಿಮ ದ್ವೀಪಗಳ ಗಂಡಸರು ತೊಡುತ್ತಿದ್ದುದು ಉದ್ದನೆಯ ಕಂಬಳಿಯಂಥ ಬಟ್ಟೆಯನ್ನು; ಅದನ್ನು ನೆರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಬಿಗಿದು, ಮಿಕ್ಕಿದ್ದನ್ನು ಹೆಗಲ ಮೇಲೆ ಹೊದ್ದುಕೊಳ್ಳುತ್ತಿದ್ದರು. ಕೆಳಗಿನ ಅರ್ಧವಷ್ಟೇ ಉಳಿದ ಇಂದಿನ ರೂಪ ಬಂದದ್ದು 18ನೆಯ ಶತಮಾನದಲ್ಲಿ. ಅದನ್ನು ಇಂಗ್ಲೆಂಡಿನಿಂದ ಬಂದ ಕಬ್ಬಿಣದ ಉದ್ಯಮಿ ಥಾಮಸ್ ರಾಲಿನ್‌ಸನ್ ರೂಪಿಸಿದನೆಂಬ ಮಾತು ಇಂದಿಗೂ ವಿವಾದದಲ್ಲಿದೆ. ಪದಚ್ಯುತ ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೇರಿಸಲು ನಡೆದ ಜಾಕೊಬೈಟ್ ದಂಗೆಯನ್ನು ಅಡಗಿಸಿದ ಬ್ರಿಟಿಷ್ ಸರ್ಕಾರ 1746ರ ಕಾನೂನಿನಿಂದ ಈ ಉಡುಪನ್ನು ನಿಷೇಧಿಸಿತು, 1782ರಲ್ಲಿ ನಿಷೇಧವನ್ನು ತೆಗೆಯಿತು. ನಡುವಿನ ವರ್ಷಗಳಲ್ಲಿ ಕಿಲ್ಟ್ ಉಳಿದದ್ದಕ್ಕೆ ಮುಖ್ಯ ಕಾರಣ, ಸೈನಿಕರಿಗೆ ದೊರೆತಿದ್ದ ವಿನಾಯಿತಿ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರ್ಗ್‌ಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ವೈಭವದ ನಂತರ, ಒಂದು ಪ್ರದೇಶದ ಉಡುಪು ಇಡೀ ದೇಶದ್ದಾಯಿತು.

ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಎಂಬ ಕಟ್ಟುನಿಟ್ಟಾದ ಹಂಚಿಕೆಯೂ ಬಹುಮಟ್ಟಿಗೆ 19ನೆಯ ಶತಮಾನದ್ದೇ. ಹೀಗಾಗಿ ಹೊರಗಿನವರು ಸಂಕೋಚಪಡಬೇಕಿಲ್ಲ. ನಾನು ಆರಿಸಿಕೊಂಡದ್ದು ಯಾವುದೇ ಒಂದು ಕುಲಕ್ಕಷ್ಟೇ ಮೀಸಲಲ್ಲದ, ಕಡುನೀಲಿ ಹಸಿರಿನ ಬ್ಲ್ಯಾಕ್ ವಾಚ್ ಎಂಬ ಟಾರ್ಟನ್. ಇದೇ ಹೆಸರಿನ ಸ್ಕಾಟಿಷ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್, 1783-84ರಲ್ಲಿ ಟಿಪ್ಪು ಮುತ್ತಿಗೆ ಹಾಕಿದ ಮಂಗಳೂರು ಕೋಟೆಯೊಳಗಿತ್ತು. ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ನಮ್ಮ ಮಂಗಳೂರಿನ ಹೆಸರಿದೆ.

ಕೊರತೆಗಳೂ ಇವೆ. ಮುಂಗಡ ಕೊಡುವಾಗ ಕಿಲ್ಟ್‌ನ ಬೆಲೆಯನ್ನಷ್ಟೇ ಹೇಳಿದರು. ಜೇಬಿಲ್ಲದ ಈ ಉಡುಪಿಗೆ ಅನಿವಾರ್ಯವಾದ ಸ್ಪೋರನ್ ಚೀಲ, ಉದ್ದನೆಯ ಕಾಲುಚೀಲ, ಬೆಲ್ಟ್, ಶೂ ಇವೆಲ್ಲ ಸೇರಿದಾಗ ಖರ್ಚು ಬಹಳ ಏರುತ್ತದೆ, ಅದನ್ನು ಮೊದಲೇ ತಿಳಿಸಬೇಕಿತ್ತು. ಹೊಲಿಗೆಗೆ ವಾರಗಟ್ಟಲೆ ಕಾಯಬೇಕು. ಬಿಸಿಯೇರಿದ ನೃತ್ಯದ ಸಭಾಂಗಣದಲ್ಲಿ ಇಷ್ಟು ಉಣ್ಣೆ ಸೆಕೆಯಾಗುತ್ತದೆ; ಬೇಸಿಗೆಯಲ್ಲೂ ಉಡುವವರು 13 ಔನ್ಸಿನ ಬಟ್ಟೆಯನ್ನು ಕೇಳುವುದು ಲೇಸು.

ಒಂದೇ ಮದುವೆಗೆ ಬೇಕಾದವರಿಗೆ ಬಾಡಿಗೆಯ ಕಿಲ್ಟ್ ಸಾಕು. ಸ್ಕಾಟ್ಲೆಂಡಿನಲ್ಲೇ ನೆಲೆಸಿರುವವರು ಮಾತ್ರ ಹಣ ಕೂಡಿಸಿಯಾದರೂ ಹೀಗೆ ಹೊಲಿಸಿಕೊಳ್ಳಲಿ; ಸೊಂಟದ ಪಟ್ಟಿ ಮತ್ತು ಬಕಲ್‌ಗಳನ್ನು ಸರಿಸಿ ಕೂಡಿಸಬಹುದಾದ್ದರಿಂದ, ಮೈ ತುಸು ತುಂಬಿದರೂ ಅದೇ ಕಿಲ್ಟ್ ನಡೆಯುತ್ತದೆ.