ರಿಪ್ಲೈ ಬಟನ್ ಇಲ್ಲದ ಚರ್ಚೆ: ಪೋಲಿಸ್ ಬಳಸಿ ನೋಡಿದೆವು

ಪೋಲಿಸ್ ಅಂದರೆ ಆರಕ್ಷಕರಲ್ಲ, ಜನರ ಅಭಿಪ್ರಾಯ ಕೇಳುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಆಟದ ಮೈದಾನದ ದೀಪ ರಾತ್ರಿ ಎಷ್ಟು ಹೊತ್ತಿನವರೆಗೆ ಉರಿಯಬೇಕು ಅಂತ ನಮ್ಮ ನಿವಾಸಿಗಳ ಸಂಘದಲ್ಲಿ ಜಗಳವಾಗಿತ್ತು. ಸಭೆಯಲ್ಲಿ ದನಿ ಜೋರಿದ್ದವರದ್ದೇ ಮಾತು. ಅದಕ್ಕೇ ಇದನ್ನು ಬಳಸಿದೆವು.

ಒಬ್ಬರು ಒಂದು ಚಿಕ್ಕ ಮಾತು ಬರೆಯುತ್ತಾರೆ. ಉಳಿದವರು ಒಪ್ಪಿಗೆ, ಒಪ್ಪಿಗೆಯಿಲ್ಲ, ಇಲ್ಲವೇ ಪಾಸ್ ಒತ್ತುತ್ತಾರೆ. ಉತ್ತರ ಕೊಡುವ ಬಟನ್ನೇ ಇಲ್ಲ! ನನಗೆ ಜಾಸ್ತಿ ಹಿಡಿಸಿದ್ದು ಇದೇ. ಜಗಳ ಬೆಳೆಯಲು ಜಾಗವೇ ಇರುವುದಿಲ್ಲ ಅಲ್ವಾ? ಒಂದೇ ತರಹ ಮತ ಹಾಕಿದವರನ್ನು ಗುಂಪು ಮಾಡಿ ಚಿತ್ರದಲ್ಲಿ ತೋರಿಸುತ್ತದೆ. ಎಲ್ಲ ಗುಂಪುಗಳೂ ಒಪ್ಪಿದ ಮಾತನ್ನು ಬೇರೆಯಾಗಿ ಎತ್ತಿ ಕೊಡುತ್ತದೆ. ನಮ್ಮಲ್ಲಿ ಹಾಗೆ ಮೇಲೆ ಬಂದದ್ದು, ಸಭೆಯಲ್ಲಿ ಯಾರೂ ಆಡದ ಮಾತು: ದೀಪ ಇರಲಿ, ಅದರ ಮುಖ ಮನೆಗಳ ಕಡೆ ಬೇಡ.

2015ರಲ್ಲಿ ತೈವಾನ್‌ನ ವಿತೈವಾನ್ ಅನ್ನುವ ಸಾರ್ವಜನಿಕ ಚರ್ಚೆಯ ವೇದಿಕೆ ಊಬರ್ ನಿಯಮಗಳ ಬಗ್ಗೆ ಜನರನ್ನು ಕೇಳಿದ್ದೂ ಪೋಲಿಸ್‌ನಲ್ಲೇ.

ಫೋನ್ ಬಳಸದ ಹಿರಿಯರು ಮಾತ್ರ ಹೊರಗುಳಿಯುತ್ತಾರೆ. ಇದು ಸಣ್ಣ ಕೊರತೆಯಲ್ಲ. ನಾವು ಅದೇ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಅವರ ಮನೆ ಮನೆಗೆ ಹೋದೆವು. ಎರಡು ಸಂಜೆ ಹಿಡಿಯಿತು.